ನಿಮ್ಮ ದಿನ ನಾಳೆ

ಮಾರ್ಚ್ 24, ಮಂಗಳವಾರ (ಇಲ್ಲಿಯವರ ಪ್ರಕಾರ 25, ಬುಧವಾರ)

ಹನ್ನೆರಡು ದಿನಕ್ಕೆಂದು ಅಕ್ಕನ ಊರು ಅಪಿಯಾಕ್ಕೆ ಬಂದವನು ನಾನು. ಭಾವನಿಗೆ ಊರ ಹಿರಿತನದ ಪಟ್ಟ ಕಟ್ಟುವ ಸಮಾರಂಭವಿತ್ತು. ಮೂರು ಹಂದಿ, ಎರಡು ದಿನದ ಭಾಷಣ, ಮುಗಿಸಿಕೊಂಡು ಇವತ್ತು ಹೊರಡಬೇಕಿತ್ತು. ಬೆಳಿಗ್ಗೆ ರೇಡಿಯೊದಲ್ಲಿ ಹೇಳಿದರು, ಸೋಂಕಿನ ಭಯಕ್ಕೆ ನಮ್ಮೂರು ಪಾಗೋ ಪಾಗೋ ಬಾಗಿಲು ಹಾಕಿಕೊಂಡಿದೆಯಂತೆ. ವಿಮಾನವಿಲ್ಲ, ಹಡಗಿಲ್ಲ, ನಮ್ಮವರೇ ಆದರೂ ಒಳಗೆ ಬಿಡುವುದಿಲ್ಲ.

ವಿಮಾನದಲ್ಲಿ ಅರ್ಧ ಗಂಟೆಯ ದಾರಿ. ಭಾಷೆ ಒಂದೇ, ಕೆಸುವಿನ ಗೆಡ್ಡೆ ಒಂದೇ, ಹಾಡುವ ಕೀರ್ತನೆ ಒಂದೇ. ಆದರೆ ನಮ್ಮದು ಅಮೆರಿಕದ ಸಮೋವಾ, ಇವರದು ಬರೀ ಸಮೋವಾ, ಹೀಗಾಗಿ ಅಕ್ಕನ ಮನೆಯಲ್ಲಿ ನಾನು ಪರದೇಶಿ. ಸಾಲದೆಂದು ಎಂಟು ವರ್ಷದ ಹಿಂದೆ ಇವರು ವ್ಯಾಪಾರಕ್ಕೆ ಅನುಕೂಲವೆಂದು ದಿನಾಂಕದ ಗೆರೆಯನ್ನೇ ದಾಟಿ ಆಚೆ ಹೋಗಿ ಕುಳಿತರು. ಅಂದಿನಿಂದ ನಮಗೆ ಮಂಗಳವಾರವಾದಾಗ ಇವರಿಗೆ ಬುಧವಾರ. ಒಟ್ಟಿನಲ್ಲಿ ನಾನೀಗ ನಾಳೆಯ ಒಳಗೆ ಸಿಕ್ಕಿಹಾಕಿಕೊಂಡಿದ್ದೇನೆ.

ಸಿಕ್ಕಿಕೊಂಡರೇನು, ಕೈಗಡಿಯಾರದ ತಾರೀಖನ್ನು ಮಾತ್ರ ನಾನು ತಿರುಗಿಸಿಲ್ಲ, ತಿರುಗಿಸುವುದೂ ಇಲ್ಲ. ಮೂವತ್ತೊಂದು ವರ್ಷ ಪಾಗೋ ಬಂದರಿನಲ್ಲಿ ಬಂದುಹೋಗುವವರ ಕಾಗದಕ್ಕೆ ಮುದ್ರೆ ಒತ್ತಿದವನು ನಾನು. ಪೆಲೆನಾಟೊ ಹಾಕಿದ ತಾರೀಖು ತಪ್ಪಿತೆಂದು ಇದುವರೆಗೆ ಒಬ್ಬನೂ ಹೇಳಿಲ್ಲ.

ಹೆಂಡತಿ ಲಗಿಮೈನಾ ಫೋನಿನಲ್ಲಿ ನಕ್ಕಳು. ನಾನಿಲ್ಲದಿದ್ದರೆ ಅವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮುಗಿಸುತ್ತಾಳೆ. ಮೂವತ್ನಾಲ್ಕು ವರ್ಷದಲ್ಲಿ ಅವಳ ಈ ಅಭ್ಯಾಸ ಒಂದನ್ನು ಬಿಡಿಸಲಾಗಲಿಲ್ಲ. ಬೇಗ ಹೋಗಬೇಕು.

ಮಾರ್ಚ್ 29, ಭಾನುವಾರ (ಇಲ್ಲಿ 30, ಸೋಮವಾರ)

ನಿನ್ನೆ ಇವರ ಭಾನುವಾರ. ಐವರಿಗಿಂತ ಹೆಚ್ಚು ಜನ ಸೇರುವಂತಿಲ್ಲವಾದ್ದರಿಂದ ಪ್ರಾರ್ಥನೆ ಮನೆಯಲ್ಲೇ. ಕೆಲಸ ಮಾಡಿದರೆ ಊರವರು ದಂಡ ಹಾಕುತ್ತಾರೆ, ಹೀಗಾಗಿ ಬಿಸಿಕಲ್ಲಿನ ಒಲೆಯಲ್ಲಿ ಬೆಂದ ದೀವಿಹಲಸು ತಿಂದು ಮಲಗಿದೆ. ಇವತ್ತು ಅಕ್ಕ ಫುವಾತಿನೋ ಗುದ್ದಲಿ ತಂದು ಕೈಗಿಟ್ಟಳು.

"ಕೆಸುವಿನ ಪಾತೀಲಿ ಕಳೆ ನೋಡೋ, ನಿನ್ನ ಮೊಣಕಾಲಿಗೆ ಬಂದಿದೆ. ಎದ್ದೇಳು."

"ಇವತ್ತು ನನಗೆ ಭಾನುವಾರ ಅಕ್ಕಾ. ನಾನು ಪಾಗೋದವನು."

"ನಿನ್ನೆ ಏನಾಗಿತ್ತು ನಿನಗೆ?"

"ನಿನ್ನೆ ನಿಮ್ಮ ಭಾನುವಾರ. ನೆಲದ ಕಾನೂನನ್ನ ಗೌರವಿಸಿದೆ."

ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಶಭಾಷ್ ಕಣೋ! ವಾರಕ್ಕೆ ಎರಡು ಭಾನುವಾರ ನಿನಗೆ, ಒಂದೂ ಇಲ್ಲ ನನಗೆ. ದೇವರೇ ಏಳನೇ ದಿನ ಒಂದೇ ದಿನ ಕೂತ್ಕೊಂಡಿದ್ದು. ನೀನು ಅವನಿಗಿಂತ ಸುಸ್ತಾಗಿದೀಯಾ?"

ನಮ್ಮಲ್ಲಿ ಅಕ್ಕನ ಮಾತಿಗೆ ತಮ್ಮ ಎದುರಾಡುವಂತಿಲ್ಲ. ಕಳೆ ಕಿತ್ತೆ. ಆದರೆ ಒಳಗೊಳಗೇ ಕೀರ್ತನೆ ಹೇಳಿಕೊಳ್ಳುತ್ತಾ ಕಿತ್ತೆ, ಅದು ಲೆಕ್ಕಕ್ಕೆ ಬರಬೇಕು.

ಏಪ್ರಿಲ್ 18, ಶನಿವಾರ (ಇಲ್ಲಿ 19)

ಸಿಕ್ಕಿಕೊಂಡವರ ಪಟ್ಟಿ ಮಾಡುತ್ತಿದ್ದಾರೆ. ಮೊದಲ ವಿಮಾನ ಯಾವಾಗ ಹಾರಿದರೂ ಪಟ್ಟಿಯಲ್ಲಿದ್ದವರಿಗೇ ಸೀಟು, ಅದೂ ಕಾಗದಪತ್ರ ಸರಿಯಿದ್ದವರಿಗೆ ಮಾತ್ರ. ನನ್ನ ಹೆಸರು ಹನ್ನೊಂದನೆಯದು. ಇಲ್ಲಿರಲು ನನಗಿರುವ ಪರವಾನಗಿ ಮೇ 12ರವರೆಗೆ. ಅವತ್ತೇ ಹೋಗಿ ಮುಂದುವರಿಸಿಕೊಂಡರಾಯಿತು. ಮುಂಚೆಯೇ ಹೋಗಿ ಗೋಗರೆಯುವವರನ್ನು ಕಂಡರೆ ನನಗೆ ನೌಕರಿಯಲ್ಲಿದ್ದಾಗಲೂ ಆಗುತ್ತಿರಲಿಲ್ಲ.

ಮೇ 12, ಮಂಗಳವಾರ (ಇಲ್ಲಿ 13, ಬುಧವಾರ)

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಇಸ್ತ್ರಿ ಮಾಡಿದ ಲುಂಗಿ ಉಟ್ಟು, ಟೈ ಕಟ್ಟಿ, ಅಕ್ಕ ಹೊಲಿದ ಹೂವಿನ ಮಾಸ್ಕು ಹಾಕಿಕೊಂಡು ಪರವಾನಗಿ ಕಚೇರಿಗೆ ಹೋದೆ. ಕಿಟಕಿಯಾಚೆ ಸುಮಾರು ಐವತ್ತರ ಹೆಂಗಸು. ಎದೆಯ ಮೇಲಿನ ಬಿಲ್ಲೆಯಲ್ಲಿ ಸೆಲೆಪಾ ಎಂದಿತ್ತು. ಮಾತಾಡಿದರೆ ತೆಂಗಿನ ಮರಕ್ಕೆ ಗರಗಸ ಹಾಕಿದ ಹಾಗೆ ಕೇಳಿಸುವ ಧ್ವನಿ.

"ಹಿರಿಯರೇ, ಇದು ನಿನ್ನೆಗೇ ಮುಗಿದಿದೆಯಲ್ಲ."

"ಇವತ್ತು ಹನ್ನೆರಡು, ಅಮ್ಮಾ."

"ಇವತ್ತು ಹದಿಮೂರು."

ನಾನು ಕೈಗಡಿಯಾರ ತೋರಿಸಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಕಿಸಕ್ಕೆಂದ.

"ಗಡಿಯಾರ ಚೆನ್ನಾಗಿದೆ," ಎಂದಳು ಸೆಲೆಪಾ. "ಆದ್ರೆ ಪರವಾನಗಿ ಕೊಟ್ಟಿದ್ದು ನಾವು, ನಿಮ್ಮ ಗಡಿಯಾರ ಅಲ್ಲ."

ಈ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿಲ್ಲ! ಬೇರೆಯವರ ಬಾಯಲ್ಲಿ ಕೇಳಲು ಇಷ್ಟು ಕೆಟ್ಟದಾಗಿರುತ್ತದೆಂದು ಗೊತ್ತಿರಲಿಲ್ಲ. ಅವಧಿ ಮೀರಿ ಉಳಿದವರ ಪುಸ್ತಕದಲ್ಲಿ ಹೆಸರು ಬಿದ್ದರೆ ವಿಮಾನದ ಪಟ್ಟಿಯಿಂದ ತೆಗೆಯುತ್ತಾರೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಡ್ರಾಯರ್ ಎಳೆದು ತಳದಿಂದ ಒಂದು ಅರ್ಜಿ ತೆಗೆದಳು. ಪ್ರಾಮಾಣಿಕವಾಗಿ ತಪ್ಪಿದವರಿಗೆ ಇರುವ ಅರ್ಜಿಯಂತೆ. ನಾನು ನಿಜವಾಗಿಯೂ ದಿನ ತಪ್ಪಿದೆ ಎನ್ನುವುದಕ್ಕೆ ಬರಹದ ಸಾಕ್ಷ್ಯ ಬೇಕು, ಹದಿನಾಲ್ಕು ದಿನದೊಳಗೆ.

ಲಗಿಮೈನಾಗೆ ಹೇಳಲಿಲ್ಲ.

ಮೇ 15, ಶುಕ್ರವಾರ (ಇಲ್ಲಿ 16)

ಅಕ್ಕನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೆಲೆಪಾ ಎಂಬ ಹೆಸರು ಕೇಳಿದ ಕೂಡಲೇ ನಗು ನಿಂತಿತು.

"ಯಾವ ಸೆಲೆಪಾ ಅಂತ ಗೊತ್ತಾ ನಿನಗೆ? ನಿನ್ನ ಹಡಗಿನ ಕತೇಲಿ ಬರೋ ಹೆಂಗಸೇ ಕಣೋ ಅವಳು!"

ನನ್ನ ಹಡಗಿನ ಕತೆ ಎಲ್ಲರಿಗೂ ಗೊತ್ತು. ಏಳು ವರ್ಷದಿಂದ ಪ್ರತಿ ಮದುವೆಯಲ್ಲೂ ಹೇಳಿದ್ದೇನೆ. ಒಬ್ಬ ಹೆಂಗಸು ಅಪಿಯಾದಿಂದ ಹದಿಮೂರನೆಯ ತಾರೀಖು ಸಂಜೆ ಹಡಗು ಹತ್ತಿದಳು. ಹದಿನಾಲ್ಕಕ್ಕೆ ಪಾಗೋದಲ್ಲಿ ಇಳಿಯುತ್ತೇನೆಂದು ಅವಳ ನಂಬಿಕೆ, ಪ್ರವೇಶ ಪತ್ರವೂ ಹದಿನಾಲ್ಕರಿಂದಲೇ. ಆದರೆ ಬೆಳಿಗ್ಗೆ ಪಾಗೋದಲ್ಲಿ ಇಳಿದಾಗ ಅಲ್ಲಿ ಇನ್ನೂ ಹದಿಮೂರೇ! ಕಂಕುಳಲ್ಲಿ ಒಂದು ಚಾಪೆಯ ಸುರುಳಿ. ನಾನು ಪತ್ರ ನೋಡಿ, "ಅಮ್ಮಾ, ನಿಮ್ಮ ದಿನ ನಾಳೆ. ಇವತ್ತು ವಾಪಸ್ ಹೋಗಿ, ನಾಳೆ ಬನ್ನಿ," ಎಂದೆ. ಮುಂದಿನ ಹಡಗು ಇದ್ದದ್ದು ಒಂದು ವಾರಕ್ಕೆ! ಕತೆ ಇಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ.

ಅವಳು ತಂಗಿಯ ಮದುವೆಗೆ ಉಡುಗೊರೆಯ ಚಾಪೆ ಹೊತ್ತು ಬಂದಿದ್ದಳಂತೆ. ಅದನ್ನು ಅಕ್ಕ ಇವತ್ತು ಹೇಳಿದಳು.

ಕಾನೂನು ಕಾನೂನೇ.

ಮೇ 20, ಬುಧವಾರ (ಇಲ್ಲಿ 21)

ಅಕ್ಕನ ಸಲಹೆ ಕೇಳಿ: "ಹಳೇ ಪದ್ಧತಿ ಇದೆಯಲ್ಲೋ. ಒಳ್ಳೇ ಚಾಪೆ ತಲೆ ಮೇಲೆ ಹೊದ್ಕೊಂಡು ಅವಳ ಮನೆ ಮುಂದೆ ಹೋಗಿ ಕೂತ್ಕೋ. ಅವಳು ಬಂದು ಚಾಪೆ ಎತ್ತೋವರೆಗೂ ಏಳಬೇಡ. ಕೊಲೆ ಮಾಡಿದವರನ್ನೇ ಹಾಗೆ ಕ್ಷಮಿಸಿದಾರೆ, ನಿನ್ನನ್ನ ಕ್ಷಮಿಸಲ್ವಾ?"

"ಅರ್ಜಿ ಅವಳ ಮೇಜಿನ ಮೇಲಿರೋವಾಗ ಚಾಪೆ ತಗೊಂಡು ಹೋದ್ರೆ ಅದು ಕ್ಷಮೆ ಅಲ್ಲ ಅಕ್ಕಾ, ಲಂಚ."

"ಅಯ್ಯೋ, ನಿನ್ನ ಕಾನೂನಿಗಿಷ್ಟು ಬೆಂಕಿ ಹಾಕ! ಸರಿ, ಸಾಕ್ಷ್ಯ ಏನಿದೆ ನಿನ್ ಹತ್ರ? ದಿನಾ ಆ ಪುಸ್ತಕದಲ್ಲಿ ಗೀಚ್ತೀಯಲ್ಲ, ಅದ್ರಲ್ಲಿ ತಾರೀಖಿಲ್ವಾ?"

ಇದೆ. ಪ್ರತಿ ಪುಟದಲ್ಲೂ ಇದೆ. ಪಾಗೋದ್ದು ಮೊದಲು, ಇಲ್ಲಿಯದು ಆವರಣದೊಳಗೆ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಇಡೀ ಸಾಗರದಲ್ಲಿಲ್ಲ. ಆದರೆ ಅದೇ ಪುಸ್ತಕದಲ್ಲಿ ಅವಳ ಧ್ವನಿಯ ಗರಗಸವೂ ಇದೆ, ಹಡಗಿನ ಕತೆಯೂ ಇದೆ.

ಆ ಎರಡು ಪುಟ ಹರಿದುಬಿಡೋಣವೆಂದು ಯೋಚಿಸಿದೆ. ಸಾಕ್ಷ್ಯದ ಪುಟ ಹರಿಯುವುದು ಅಪರಾಧ. ಕಲಮು ಯಾವುದೆಂದು ಕೂಡ ನನಗೆ ಬಾಯಿಪಾಠ.

ಮೇ 26, ಮಂಗಳವಾರ (ಇಲ್ಲಿ 27, ಬುಧವಾರ. ಈ ಸಲ ಎರಡು ಬಾರಿ ನೋಡಿಕೊಂಡಿದ್ದೇನೆ)

ಇನ್ನೊಂದು ಗಂಟೆಯಲ್ಲಿ ಈ ಪುಸ್ತಕ ಕೊಡಲು ಹೊರಡಬೇಕು. ಹರಿದಿಲ್ಲ.

ಸೆಲೆಪಾ ಅವರೇ, ನೀವು ಈ ಪುಟದವರೆಗೆ ಬಂದಿದ್ದರೆ ಗರಗಸವನ್ನು ದಾಟಿಯೇ ಬಂದಿರುತ್ತೀರಿ. ಅದಕ್ಕೆ ಏನು ಹೇಳಲಿ, ಅವತ್ತು ನನಗೆ ಸಿಟ್ಟಿತ್ತು.

ಹಡಗಿನ ಕತೆಯಲ್ಲಿ ಒಂದು ವಿಷಯವನ್ನು ನಾನು ಯಾವ ಮದುವೆಯಲ್ಲೂ ಹೇಳಿಲ್ಲ, ಮೇಲಿನ ಪುಟದಲ್ಲೂ ಬರೆದಿಲ್ಲ. ಒಂದು ದಿನ ಮುಂಚೆ ಬಂದವರನ್ನು ಬಂದರಿನ ಕೋಣೆಯಲ್ಲಿ ಉಳಿಸಿಕೊಳ್ಳಲು ನಮ್ಮಲ್ಲೂ ಒಂದು ಅರ್ಜಿಯಿತ್ತು. ನನ್ನ ಡ್ರಾಯರಿನ ತಳದಲ್ಲೇ ಇತ್ತು. ತುಂಬಿಸಲು ಹತ್ತು ನಿಮಿಷ ಹಿಡಿಯುತ್ತಿತ್ತು. ಸಾಲು ಕರಗಿ ನಿಮ್ಮ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು, ನಾನು ಡ್ರಾಯರ್ ಎಳೆಯಲಿಲ್ಲ. ನೀವು ಅವತ್ತು ನನ್ನ ಗುರುತು ಹಿಡಿದೂ ನಿಮ್ಮ ಡ್ರಾಯರ್ ಎಳೆದಿರಿ. ಅದು ನನಗೆ ಹೊಳೆದದ್ದು ಈ ಬೆಳಿಗ್ಗೆ.

ಆ ಚಾಪೆ ಏನಾಯಿತೆಂದು ನಾನು ಏಳು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಇದನ್ನು ಅರ್ಜಿಯ ಭಾಗವೆಂದು ಪರಿಗಣಿಸಬಾರದಾಗಿ ವಿನಂತಿ.

ಜೂನ್ 24, ಬುಧವಾರ (ನಮ್ಮ ಕಡೆ 23)

ಪುಸ್ತಕ ವಾಪಸ್ ಬಂತು. ನಾಲ್ಕು ವಾರ ಬರೆಯದೆ ಕೈ ಜಡ್ಡುಗಟ್ಟಿದೆ.

ಕಚೇರಿಯಲ್ಲಿ ಸೆಲೆಪಾ ಮೊದಲು ಮುದ್ರೆ ಒತ್ತಿದಳು. ತಪ್ಪು ಪ್ರಾಮಾಣಿಕವಾದದ್ದು, ಪರವಾನಗಿ ಸೆಪ್ಟೆಂಬರ್‌ವರೆಗೆ ಮುಂದುವರಿದಿದೆ, ಪಟ್ಟಿಯಲ್ಲಿ ಹನ್ನೊಂದನೆಯ ಹೆಸರು ಹಾಗೆಯೇ ಇದೆ. ಆಮೇಲೆ ಎದೆಯ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

"ಈಗ ನಾನು ಅಧಿಕಾರಿ ಅಲ್ಲ ಹಿರಿಯರೇ. ಊಟದ ಹೊತ್ತು. ಊಟದ ಹೊತ್ತಲ್ಲಿ ನೀವು ಕೆಲಸ ಮಾಡಲ್ಲ ಅಂತ ಓದಿದೆ, ಆದ್ರೂ ಸ್ವಲ್ಪ ಕೂತ್ಕೊಳ್ಳಿ."

ಕುಳಿತೆ. ಚಾಪೆ ಇನ್ನೂ ಅವರ ಮನೆಯಲ್ಲೇ ಇದೆಯಂತೆ. ಕೇದಗೆ ಎಸಳನ್ನು ರೇಷ್ಮೆಯಷ್ಟು ಸಣ್ಣಗೆ ಸೀಳಿ ಅವರ ತಾಯಿ ಎರಡು ವರ್ಷ ನೇಯ್ದದ್ದು, ಅಂಚಿಗೆ ಕೆಂಪು ಗರಿ. ತಂಗಿ ಸಿಯೆನಿ ಅದಿಲ್ಲದೆ ಬರಿಗೈಯಲ್ಲಿ ಗಂಡನ ಮನೆ ಹೊಕ್ಕಳು.

"ಮುಂದಿನ ಹಡಗಲ್ಲಿ ಕಳಿಸಬಹುದಿತ್ತಲ್ಲ," ಎಂದೆ.

"ಕಳಿಸ್ದೆ. ವಾಪಸ್ ಕಳಿಸಿದ್ಲು. 'ನಿನಗೆ ಬರೋಕೆ ಮನಸ್ಸಿರ್ಲಿಲ್ಲ, ತಾರೀಖು ಒಂದು ನೆವ' ಅಂದ್ಲು. ಒಂದು ದಿನ ಮುಂಚೆ ಬಂದ್ರು ಅಂತ ಯಾರಾದ್ರೂ ಹಡಗಿಂದ ಹಂಗೇ ವಾಪಸ್ ಕಳಿಸ್ತಾರಾ, ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ, ಅಂದ್ಲು. ಏಳು ವರ್ಷ ಆಯ್ತು, ಮಾತಿಲ್ಲ."

ಅವಳು ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

"ವಿಮಾನ ಹಾರಿದಾಗ ಚಾಪೆ ನೀವೇ ತಗೊಂಡು ಹೋಗ್ಬೇಕು. ವಾಪಸ್ ಕಳಿಸಿದ್ದು ನಾನೇ ಅಂತ ನಿಮ್ಮ ಬಾಯಿಂದ ಅವಳಿಗೆ ಹೇಳ್ಬೇಕು. ಮದುವೇಲಿ ಹೇಳ್ತೀರಲ್ಲ, ಹಂಗೇ ಪೂರ್ತಿ ಕತೆ. ಡ್ರಾಯರ್ ಸಮೇತ."

ಮನೆಗೆ ಬಂದು ಪುಸ್ತಕ ತಿರುವಿದೆ. ಅಲ್ಲಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ. ಎರಡು ಭಾನುವಾರದ ಪುಟದಲ್ಲಿ: "ಲೆಕ್ಕಕ್ಕೆ ಬರುವುದಿಲ್ಲ." ಗರಗಸದ ಪಕ್ಕದಲ್ಲಿ: "ಧ್ವನಿ ನಮ್ಮ ತಾಯಿಯದು. ತಂಗಿಯದೂ ಹೀಗೇ, ಎಚ್ಚರ." ಹಡಗಿನ ಕತೆಯ ಪುಟದಲ್ಲಿ ಏನೂ ಬರೆದಿಲ್ಲ.

ಜುಲೈ 2, ಗುರುವಾರ

ಜೂನ್ ತಿಂಗಳಿಗೆ ಮೂವತ್ತೇ ದಿನವೆಂದು ನನ್ನ ಹಳೆಯ ಗಡಿಯಾರಕ್ಕೆ ತಿಳಿಯದು. ಮೂವತ್ತೊಂದು ತೋರಿಸುತ್ತಾ ನಿಂತಿತ್ತು. ಒಂದಕ್ಕೆ ತಿರುಗಿಸಲು ಹೋದರೆ ಕೈ ಜಾರಿ ಎರಡಕ್ಕೆ ಹೋಯಿತು. ಇದರ ತಾರೀಖನ್ನು ಹಿಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ. ಹಾಗೇ ಬಿಟ್ಟೆ. ಹೇಗೂ ಇಲ್ಲಿ ಎರಡೇ.

ಜುಲೈ 25, ಶನಿವಾರ

ನಾಳೆಯ ಊಟಕ್ಕೆ ಕೆಸುವಿನ ಗೆಡ್ಡೆ ಹೆರೆದು, ತೆಂಗಿನಕಾಯಿ ತುರಿದು, ಒಲೆಗೆ ಕಲ್ಲು ಜೋಡಿಸಿಟ್ಟೆ. ಸೋಮವಾರ ಪಾತಿಗೆ ಹೊಸ ಸಸಿ ಹಾಕಬೇಕು. ಹೇಳದೆಯೇ ಕೆಲಸ ಮಾಡುತ್ತಿರುವುದನ್ನು ಕಂಡು ಅಕ್ಕನಿಗೆ ಅನುಮಾನ, ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ವಿಮಾನದ ದಿನ ಗೊತ್ತಾಯಿತು! ಆಗಸ್ಟ್ 7. ಅಲ್ಲಿ ಹದಿನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕುತ್ತಾರೆ, ಅಂದರೆ 21ಕ್ಕೆ ಬಿಡುಗಡೆ. ಸಿಯೆನಿಯ ಮನೆಗೆ 22, ಶನಿವಾರ ಹೋಗುತ್ತೇನೆಂದು ಸೆಲೆಪಾಗೆ ಮಾತು ಕೊಟ್ಟೆ. ತಂಗಿ ಫೋನು ತೆಗೆಯುವುದಿಲ್ಲವಾದ್ದರಿಂದ ಅವಳು ಎರಡು ಸಾಲಿನ ಸಂದೇಶ ಕಳಿಸಿದಳು: 22ನೇ ತಾರೀಖು ಒಬ್ಬರು ಬರುತ್ತಾರೆ, ಅವರ ಮಾತು ಕೇಳು.

ಆಗಸ್ಟ್ 7, ಶುಕ್ರವಾರ

ಪಾಗೋ. ಇಳಿಯುವಾಗ ಬಂದರಿನ ಹಿಂದಿನ ಬೆಟ್ಟ ಕಂಡಿತು, ಮಾಸ್ಕಿನೊಳಗೆ ಮೂಗು ಸೋರಿತು.

ಹೊರಡುವಾಗ ಅಕ್ಕ, "ಮುಂದಿನ ಸಲ ಬಂದಾಗ ಕಳೆ ನಿನಗೇ ಅಂತ ಬಿಟ್ಟಿರ್ತೀನಿ," ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ.

ಕೋಣೆ ಚೆನ್ನಾಗಿದೆ. ಚಾಪೆಯನ್ನು ಎರಡನೆಯ ಮಂಚದ ಮೇಲೆ ಮಲಗಿಸಿದ್ದೇನೆ. ಒಂದು ಕಾಟ ತಪ್ಪಿತು, ಇನ್ನು ಎರಡೆರಡು ತಾರೀಖಿನ ಲೆಕ್ಕ ಇಡಬೇಕಾಗಿಲ್ಲ.

ಆಗಸ್ಟ್ 16, ಭಾನುವಾರ

ಒಬ್ಬನೇ ಪ್ರಾರ್ಥನೆ ಮಾಡಿದೆ, ಒಬ್ಬನೇ ಹಾಡಿದೆ. ಪಕ್ಕದ ಕೋಣೆಯವನು ಗೋಡೆ ಬಡಿದ. ದೈವಭಕ್ತಿಯಿಲ್ಲದ ಜನ.

ಲಗಿಮೈನಾ ಫೋನು ಮಾಡಿ, ಈಗಷ್ಟೇ ಸಂತೆಯಿಂದ ಮೀನು ತಂದೆ ಎಂದಳು. ಭಾನುವಾರ ಸಂತೆ ಸೇರಲು ಬಿಟ್ಟಿದ್ದಾರಂತೆ! ಗದರಿದೆ. "ಏನು ಮುದುಕಪ್ಪಾ, ಒಳಗೆ ಕೂತು ಕೂತು ತಲೆ ಕೆಟ್ಟಿದೆಯಾ?" ಎಂದು ಫೋನಿಟ್ಟಳು. ಐದು ತಿಂಗಳಲ್ಲಿ ಪಾಗೋ ಬಹಳ ಕೆಟ್ಟಿದೆ.

ಆಗಸ್ಟ್ 21, ಶುಕ್ರವಾರ

ಮನೆ. ಬಿಡುಗಡೆಯ ಕಾಗದದಲ್ಲಿ ತಾರೀಖು 20 ಎಂದು ತಪ್ಪು ಹಾಕಿದ್ದಾರೆ. ಈಗಿನವರಿಗೆ ತಾರೀಖು ಬರೆಯಲೂ ಬರುವುದಿಲ್ಲ. ಹಳೆಯ ಪೆಲೆನಾಟೊ ಆಗಿದ್ದರೆ ಸಾಲಿನಲ್ಲಿ ನಿಂತು ತಿದ್ದಿಸುತ್ತಿದ್ದೆ. ಹೋಗಲಿ ಎಂದು ಬಿಟ್ಟೆ, ಹೊರಗೆ ಲಗಿಮೈನಾ ಕಾಯುತ್ತಿದ್ದಳು. ಇಬ್ಬರೂ ಕುಳಿತು ಉಂಡೆವು.

ಆಗಸ್ಟ್ 22, ಶನಿವಾರ

ಮೇಲಿನ ತಾರೀಖು ಬೆಳಿಗ್ಗೆ ಹೊರಡುವ ಮುಂಚೆ ಬರೆದಿಟ್ಟಿದ್ದು. ಹೊಡೆದುಹಾಕುವುದಿಲ್ಲ, ಇರಲಿ.

ಸಿಯೆನಿಯ ಮನೆ ಲಿಯೋನೆ ಹಳ್ಳಿಯಲ್ಲಿ. ಅಂಗಳದಲ್ಲಿ ಕುಳಿತು ಚಾಪೆಯನ್ನು ತಲೆಯ ಮೇಲೆ ಹೊದ್ದೆ. ಒಳಗೆ ಕೇದಗೆಯ ವಾಸನೆ, ಮಬ್ಬು ಬೆಳಕು. ದಾರಿಯಲ್ಲಿ ಬಸ್ಸು ನಿಂತಿದ್ದು, ಯಾರೋ ಫೋಟೋ ತೆಗೆದದ್ದು ಗೊತ್ತಾಯಿತು. ಬಹಳ ಹೊತ್ತಿನ ಮೇಲೆ ಯಾರೋ ಚಾಪೆಯ ಅಂಚು ಎತ್ತಿದರು. ಎತ್ತಿದವಳು ಮೊದಲು ನೋಡಿದ್ದು ನನ್ನನ್ನಲ್ಲ, ಅಂಚಿನ ಕೆಂಪು ಗರಿಯನ್ನು. ತಾಯಿಯ ಕೈಕೆಲಸದ ಗುರುತು ಸಿಕ್ಕಿರಬೇಕು, ಗರಿಯನ್ನು ಬೆರಳಿಂದ ನೇವರಿಸಿದಳು.

ಎಲ್ಲ ಹೇಳಿದೆ. ಹಡಗು, ಪತ್ರ, ಅವತ್ತು ನಾನಾಡಿದ ಮಾತು, ಊಟದ ಹೊತ್ತು, ಡ್ರಾಯರಿನ ತಳದ ಅರ್ಜಿ. "ನಿಮ್ಮಕ್ಕ ಬಂದಿದ್ರು ತಾಯಿ. ನಿಮ್ಮ ಮದುವೆಗೆ ಒಂದು ದಿನ ಮುಂಚೇನೇ ಬಂದಿದ್ರು. ವಾಪಸ್ ಕಳಿಸಿದೋನು ನಾನು." ನಗಿಸುವ ಜಾಗವೂ ಬಂತು. ಈ ಕತೆಯಲ್ಲಿ ನಗು ಬರುವುದಾದರೂ ಎಲ್ಲಿ ಎಂದು ನನಗೇ ತಿಳಿಯಲಿಲ್ಲ.

ಸಿಯೆನಿ ಕಣ್ಣೊರೆಸಿಕೊಂಡಳು.

"ನೀವು ಬರ್ತೀರಿ ಅಂತ ಅಕ್ಕ ಹೇಳಿದ್ದು ಯಾವತ್ತು?" ಅದೇ ಗರಗಸ.

"ಇಪ್ಪತ್ತೆರಡು. ಇವತ್ತು."

"ಇವತ್ತು ಇಪ್ಪತ್ತೊಂದು, ಹಿರಿಯರೇ. ಶುಕ್ರವಾರ."

ನಾನು ಗಡಿಯಾರ ನೋಡಿದೆ. ಅವಳೂ ನೋಡಿದಳು. ಬಿಡುಗಡೆಯ ಕಾಗದ, ಮೀನಿನ ಸಂತೆ, ಜುಲೈ ಎರಡು, ಎಲ್ಲ ಒಂದೊಂದಾಗಿ ನೆನಪಾಯಿತು. ಗಡಿಯಾರ ಇನ್ನೂ ಅಪಿಯಾದ ದಿನದಲ್ಲೇ ಇತ್ತು.

ಸಿಯೆನಿ ಚಾಪೆಯನ್ನು ಅಂಚಿನಿಂದ ನಿಧಾನವಾಗಿ ಸುತ್ತಿದಳು. ಸುತ್ತಿ ನನ್ನ ಕಂಕುಳಿಗೆ ಸಿಕ್ಕಿಸಿದಳು.

"ನಿಮ್ಮ ದಿನ ನಾಳೆ," ಎಂದಳು. "ಇವತ್ತು ವಾಪಸ್ ಹೋಗಿ, ನಾಳೆ ಬನ್ನಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಂಗಳದಲ್ಲೇ ನಿಂತಿದ್ದೆ. ಒಳಗೆ ಫೋನಿನ ಗುಂಡಿ ಒತ್ತಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ, "ಅಕ್ಕಾ, ನಾನು." ಆಮೇಲೆ ಅಳು. ಅಳುವಿನ ನಡುವೆಯೇ, "ಬಂದಿದ್ದ ಕಣೇ, ಒಂದು ದಿನ ಮುಂಚೆ ಬಂದಿದ್ದ!" ಎನ್ನುವುದು ಕೇಳಿಸಿತು, ಕೂಡಲೇ ಆಚೆಯಿಂದ ಫೋನಿನಲ್ಲೂ ಈಚೆಯಿಂದ ಕಿಟಕಿಯಲ್ಲೂ ಎರಡು ಗರಗಸ ಒಟ್ಟಿಗೆ ನಕ್ಕವು. ಅಷ್ಟು ಒಳ್ಳೆಯ ಸದ್ದನ್ನು ನಾನು ಈ ವರ್ಷ ಕೇಳಿಲ್ಲ.

ಚಾಪೆ ಹಿಡಿದುಕೊಂಡು ಬಸ್ಸಿಗೆ ಬಂದೆ. ಅವತ್ತು ಸೆಲೆಪಾ ಇದನ್ನೇ ಕಂಕುಳಲ್ಲಿಟ್ಟುಕೊಂಡು ಹಡಗಿನ ಏಣಿ ಹತ್ತಿದ್ದಳು. ನೋಡಲು ಹಗುರ, ಹೊತ್ತರೆ ಭಾರ.

ಮನೆಗೆ ಬಂದು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಿದ್ದೇನೆ, ಕೀಲಿ ಕೊಟ್ಟಿಲ್ಲ. ಹಿಂದಕ್ಕೆ ತಿರುಗಿಸುವಂತಿಲ್ಲವಾದ್ದರಿಂದ ಒಂದು ದಿನ ನಿಂತೇ ಇರಬೇಕು. ಲಗಿಮೈನಾ ಊಟಕ್ಕೆ ಕರೆಯುತ್ತಿದ್ದಾಳೆ. ನಾಳೆ ಬೆಳಿಗ್ಗೆ ಇಪ್ಪತ್ತೆರಡು. ಮೊದಲ ಬಸ್ಸಿಗೇ ಹೋಗುತ್ತೇನೆ.